ಕಡಿತವೋ ವಜಾವೋ?
(ಸಂಘದ ವಾರ್ಷಿಕೋತ್ಸವದಲ್ಲಿ ಸೊಲ್ಲಾಪುರದಲ್ಲಿ ಮಾಡಿದ ಭಾಷಣ)



ಇಂತಹ ಸಮಾರಂಭಗಳಲ್ಲಿ ಸೊನ್ನಲಿಗೆಯ ಸಿದ್ಧರಾಮನಿಂದ ಮಾತು ಮೊದಲಾಗುವುದು ಪದ್ಧತಿ. ನಾವೂ ಆ ಮಹಾನುಭಾವನಿಗೆ ವಂದಿಸಿಯೇ ಮುಂದುವರಿಯುತ್ತೇವೆ. ಆದರೆ ಇಂದು ನಮಗೆ ಗೊತ್ತುಮಾಡಿಕೊಟ್ಟ ವಿಷಯ ಕೆರೆಯ ದಂಡೆಯದಲ್ಲ, ಗಿರಣಿಯ ಬಾಗಿಲಿನದು. ಭಾಷೆಯ ಉತ್ಸವದಲ್ಲಿ ಪಗಾರದ ಮಾತೇಕೆ ಎಂದು ಯಾರಿಗಾದರೂ ಅನಿಸೀತು. 1877ರಲ್ಲಿ ಈ ಊರಿನಲ್ಲಿ ಜೂನಿ ಗಿರಣಿ ಹುಟ್ಟಿದಂದಿನಿಂದ ಅಕ್ಕಲಕೋಟೆ, ಇಂಡಿ, ಆಳಂದ, ಜತ್ತದ ಕಡೆಯ ಎಷ್ಟೋ ಮನೆತನಗಳು ಭೋಂಗಾದ ಕೂಗನ್ನು ಕೇಳಿಯೇ ದಿನವನ್ನು ಎಣಿಸಿದುವು. ಇಂದು ಆ ಭೋಂಗಾ ಇಲ್ಲ. ಮಗ್ಗದ ಕಾರಖಾನೆ, ಚಾದರದ ಕಾರಖಾನೆ, ಸಕ್ಕರೆಯ ಕಾರಖಾನೆ, ಬೀಡಿಯ ಕೋಠಿ ಇವೆ. ಕೆಲಸ ಹೋದ ಮನೆಯವರು ಪುಣೆಗೋ ಭಿವಂಡಿಗೋ ಗಂಟುಮೂಟೆ ಕಟ್ಟಿದರೆಂದರೆ ನಮ್ಮ ಕನ್ನಡ ಶಾಲೆಯ ಹಾಜರಿ ಪುಸ್ತಕದಲ್ಲಿ ಎರಡು ಹೆಸರುಗಳ ಮೇಲೆ ಗೆರೆ ಬೀಳುತ್ತದೆ. ಆದುದರಿಂದ ಈ ವಿಷಯ ನಮ್ಮ ಸಂಘಕ್ಕೆ ಹೊರಗಿನದೆಂದು ನಾವು ತಿಳಿಯುವುದಿಲ್ಲ.

ಕೆಲಸದಿಂದ ತೆಗೆಯುವುದಕ್ಕೆ ಮಾಲಕನ ಕೈಯಲ್ಲಿ ಎರಡು ಬಗೆಯ ಕಾಗದಗಳಿವೆ. ಒಂದು ವಜಾ. ನೀನು ತಪ್ಪು ಮಾಡಿದೆ, ಆದುದರಿಂದ ಹೋಗು ಎನ್ನುವ ಕಾಗದ ಅದು. ಅದನ್ನು ಕೊಡಬೇಕಾದರೆ ಆರೋಪಪತ್ರವನ್ನು ಕೊಡಬೇಕು, ವಿಚಾರಣೆ ನಡೆಸಬೇಕು, ಕೆಲಸಗಾರನ ಮಾತನ್ನು ಕೇಳಬೇಕು, ಅವನ ಸಾಕ್ಷಿಗಳನ್ನು ಬರಗೊಡಬೇಕು. ಇನ್ನೊಂದು ಕಡಿತ. ನಿನ್ನದೇನೂ ತಪ್ಪಿಲ್ಲ, ಕೆಲಸವೇ ಕಡಿಮೆಯಾಗಿದೆ, ಆಳು ಹೆಚ್ಚಾಗಿದೆ, ಆದುದರಿಂದ ಹೋಗು ಎನ್ನುವ ಕಾಗದ ಇದು. ಇದಕ್ಕೆ ಆರೋಪವೂ ಬೇಡ, ವಿಚಾರಣೆಯೂ ಬೇಡ. ಮುನ್ಸೂಚನೆ ಮತ್ತು ಪರಿಹಾರದ ಹಣ ಸಾಕು. ಈಗ ಒಬ್ಬ ಮಾಲಕನಿಗೆ ಒಬ್ಬ ಕೆಲಸಗಾರನ ಮೇಲೆ ಕೋಪವಿದೆ ಎನ್ನೋಣ. ಆತ ಸಂಘವನ್ನು ಕಟ್ಟಿದನು, ಅಥವಾ ಭವಿಷ್ಯನಿಧಿಯ ಹಣವನ್ನು ಏಕೆ ತುಂಬಿಲ್ಲವೆಂದು ಎಲ್ಲರೆದುರಿಗೆ ಕೇಳಿದನು. ಇದು ತಪ್ಪೆಂದು ಯಾವ ವಿಚಾರಣೆಯಲ್ಲಿಯೂ ನಿಲ್ಲಿಸಲಾಗದು. ಆಗ ಮಾಲಕನು ಎರಡನೆಯ ಕಾಗದಕ್ಕೆ ಕೈ ಹಾಕುತ್ತಾನೆ. ಕಡಿತದ ವೇಷವನ್ನು ತೊಟ್ಟ ವಜಾ ಎಂದು ನಾವು ಹೇಳುವುದು ಇದಕ್ಕೆ.

ಎಲ್ಲ ಕಡಿತವೂ ವೇಷವೆಂದು ನಾವು ಹೇಳಬಂದಿಲ್ಲ. ಹಾಗೆ ಹೇಳುವವರು ಕಾಮಗಾರರಿಗೆ ಉಪಕಾರ ಮಾಡುವುದಿಲ್ಲ. ವ್ಯಾಪಾರ ಇಳಿಯುತ್ತದೆ, ಹೊಸ ಯಂತ್ರ ಬರುತ್ತದೆ, ನಾಲ್ವರ ಕೆಲಸವನ್ನು ಒಬ್ಬನು ಮಾಡುತ್ತಾನೆ. ಮಾಲಕನು ಪ್ರಾಮಾಣಿಕವಾಗಿ ತನ್ನ ವ್ಯವಹಾರವನ್ನು ಹೊಸದಾಗಿ ಜೋಡಿಸಿಕೊಳ್ಳುವುದಾದರೆ ಅದರಲ್ಲಿ ನ್ಯಾಯಮಂಡಳಿ ಕೈ ಹಾಕಬಾರದೆಂದು ಪ್ಯಾರಿ ಕಂಪನಿಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟವಾಗಿ ಹೇಳಿದೆ. ನಮ್ಮ ಊರೇ ಇದನ್ನು ಕಂಡಿದೆ. 1949ರ ಆಗಸ್ಟಿನಲ್ಲಿ ಸೊಲ್ಲಾಪುರ ಸ್ಪಿನ್ನಿಂಗ್ ಎಂಡ್ ವೀವಿಂಗ್ ಕಂಪನಿಯ ಗಿರಣಿ ಬಾಗಿಲು ಮುಚ್ಚಿದಾಗ, ಅದನ್ನು ತೆರೆಸಿ ನಡೆಸುವುದಕ್ಕಾಗಿ 1950ರ ಜನವರಿಯಲ್ಲಿ ಕೇಂದ್ರ ಸರಕಾರವು ಆ ಒಂದು ಗಿರಣಿಗೆಂದೇ ಆಜ್ಞೆ ಹೊರಡಿಸಿತು, ಆಮೇಲೆ ಅದಕ್ಕೆಂದೇ ಕಾನೂನನ್ನೂ ಮಾಡಿತು. ಆ ಕಾನೂನಿನ ಮೇಲಿನ ವ್ಯಾಜ್ಯಗಳನ್ನು ನ್ಯಾಯಶಾಸ್ತ್ರದ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಗಿರಣಿ ನಿಜವಾಗಿ ಮುಳುಗುವುದು ಬೇರೆ, ಗಿರಣಿ ನಡೆಯುತ್ತಿರುವಾಗ ಒಬ್ಬನನ್ನು ಮಾತ್ರ ನೀರಿಗೆ ತಳ್ಳುವುದು ಬೇರೆ. ಇವೆರಡನ್ನು ಬೇರ್ಪಡಿಸುವುದೇ ನಮ್ಮ ಇಂದಿನ ಕೆಲಸ.

‘ಕಡಿತ’ ಎಂಬ ಶಬ್ದಕ್ಕೆ ಅರ್ಥ ಬಂದ ಬಗೆಯಲ್ಲಿ ನಮ್ಮ ಜಿಲ್ಲೆಯ ಪಾತ್ರ ದೊಡ್ಡದು. 1953ರಲ್ಲಿ ಬಟ್ಟೆಯ ಗಿರಣಿಗಳಲ್ಲಿ ಮಾಲು ರಾಶಿಬಿದ್ದು ಜನರಿಗೆ ಕೆಲಸವಿಲ್ಲದಂತಾದಾಗ, ಆ ವರ್ಷದ ಅಕ್ಟೋಬರ್ 24ರಿಂದ 1947ರ ಕೈಗಾರಿಕಾ ವಿವಾದಗಳ ಕಾನೂನಿನಲ್ಲಿ ಕಡಿತದ ಪರಿಹಾರದ ಭಾಗವೊಂದು ಸೇರಿತು. ಅದರಲ್ಲಿ ‘ಯಾವುದೇ ಕಾರಣದಿಂದ’ ಮಾಲಕನು ಕೆಲಸವನ್ನು ಕೊನೆಗಾಣಿಸಿದರೂ, ಶಿಕ್ಷೆಯ ರೂಪದಲ್ಲಲ್ಲದಿದ್ದರೆ, ಅದು ಕಡಿತ ಎಂಬ ವ್ಯಾಖ್ಯೆಯಿತ್ತು. ಅದೇ ಸಮಯಕ್ಕೆ ಬಾರ್ಶಿ ಲೈಟ್ ರೈಲ್ವೆಯ ಪ್ರಸಂಗ ಒದಗಿತು. ಮಿರಜದಿಂದ ಪಂಢರಪುರ, ಕುರ್ಡುವಾಡಿ, ಬಾರ್ಶಿಯ ಮೇಲೆ ಲಾತೂರಿನವರೆಗೆ ಓಡುತ್ತಿದ್ದ ಆ ಚಿಕ್ಕ ಗಾಡಿಯನ್ನು ನಮ್ಮ ಹಿರಿಯರು ಬಲ್ಲರು. ಜತ್ತದ ಕಡೆಯವರು ಆಷಾಢದ ವಾರಿಗೆ ಅದರಲ್ಲಿಯೇ ಹೋಗುತ್ತಿದ್ದರು. ಲಂಡನ್ನಿನ ಕಂಪನಿಯೊಂದರ ಸ್ವತ್ತಾಗಿದ್ದ ಆ ರೈಲ್ವೆಯನ್ನು 1954ರ ಜನವರಿ 1ರಂದು ಸರಕಾರ ಕೊಂಡುಕೊಂಡಿತು. ಅದರ ಹಿಂದಿನ ದಿನ ಸಂಜೆಗೆ ಎಲ್ಲರ ಚಾಕರಿ ಮುಗಿಯಿತೆಂದು ಕಂಪನಿ ನೋಟೀಸು ಕೊಟ್ಟಿತು. ಬಹುಪಾಲು ನೌಕರರನ್ನು ಸರಕಾರ ತೆಗೆದುಕೊಂಡಿತು. ಆದರೆ ಹಳೆಯ ಕಂಪನಿ ಪರಿಹಾರ ಕೊಡತಕ್ಕದ್ದೋ ಅಲ್ಲವೋ ಎಂಬ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 1956ರ ನವೆಂಬರ್ 27ರಂದು ನ್ಯಾಯಾಲಯವು, ಕಡಿತವೆಂದರೆ ನಡೆಯುತ್ತಿರುವ ಉದ್ದಿಮೆಯಲ್ಲಿ ಹೆಚ್ಚಾದ ಆಳುಗಳನ್ನು ತೆಗೆಯುವುದು ಮಾತ್ರ, ಉದ್ದಿಮೆಯೇ ಕೈಬದಲಾದರೆ ಅಥವಾ ಮುಚ್ಚಿದರೆ ಅದು ಕಡಿತವಲ್ಲ ಎಂದು ತೀರ್ಪಿತ್ತಿತು.

ಕಾಮಗಾರರು ಸೋತರು. ಆದರೆ ಆ ಸೋಲು ವ್ಯರ್ಥವಾಗಲಿಲ್ಲ. 1957ರಲ್ಲಿ ಸಂಸತ್ತು ಕಾನೂನನ್ನು ತಿದ್ದಿ, ಉದ್ದಿಮೆ ಕೈಬದಲಾದರೂ ಮುಚ್ಚಿದರೂ ಪರಿಹಾರ ಕೊಡತಕ್ಕದ್ದೆಂದು ಗೊತ್ತುಪಡಿಸಿತು. ಅದು 1956ರ ನವೆಂಬರ್ 28ರಿಂದ, ಎಂದರೆ ತೀರ್ಪಿನ ಮರುದಿನದಿಂದಲೇ, ಜಾರಿಯಲ್ಲಿತ್ತೆಂದು ಬರೆಯಿತು. ದಿಲ್ಲಿಯ ಗ್ರಂಥಗಳಲ್ಲಿ ನಮ್ಮ ಬಾರ್ಶಿಯ ಹೆಸರು ಹೀಗೆ ಉಳಿದುಕೊಂಡಿದೆ. ಮುಂದೆ 1976ರಲ್ಲಿ ಸ್ಟೇಟ್ ಬ್ಯಾಂಕಿನ ಒಂದು ಪ್ರಕರಣದಲ್ಲಿ ನ್ಯಾಯಾಲಯವೇ ‘ಯಾವುದೇ ಕಾರಣದಿಂದ’ ಎಂಬ ಮಾತಿಗೆ ಅದರ ಪೂರ್ಣ ಅರ್ಥವನ್ನು ಕೊಟ್ಟಿತು. 1990ರಲ್ಲಿ ಪಂಜಾಬಿನ ಭೂಸುಧಾರಣಾ ನಿಗಮದ ಪ್ರಕರಣದಲ್ಲಿ ಸಂವಿಧಾನ ಪೀಠ ಅದನ್ನೇ ಸ್ಥಿರಪಡಿಸಿತು. ಹಾಜರಿ ಪಟ್ಟಿಯಿಂದ ಸದ್ದಿಲ್ಲದೆ ಹೆಸರನ್ನು ಹೊಡೆದುಹಾಕುವುದೂ ಕಡಿತವೇ ಎಂದು ಅದಕ್ಕಿಂತ ಮೊದಲೇ ದಿಲ್ಲಿ ಕ್ಲಾತ್ ಮಿಲ್ಲಿನ ಪ್ರಕರಣದಲ್ಲಿ ತೀರ್ಮಾನವಾಗಿತ್ತು. ನಾಳೆಯಿಂದ ಬರಬೇಡ ಎಂದು ಮುಕಾದಮನು ಬಾಯಲ್ಲಿ ಹೇಳಿದನೆಂದ ಮಾತ್ರಕ್ಕೆ ಮಾಲಕನ ಹೊಣೆ ತಪ್ಪುವುದಿಲ್ಲ.

ಇನ್ನು ವೇಷವನ್ನು ಕಳಚುವ ಮಾತು. ಕಾಗದದಲ್ಲಿ ಬರೆದ ಶಬ್ದವೇ ಕೊನೆಯದಲ್ಲ, ನ್ಯಾಯಮಂಡಳಿ ಅದರ ಹಿಂದಿನ ನಿಜವಾದ ಕಾರಣವನ್ನು ನೋಡಬಹುದು ಎಂಬುದು 1960ರ ಚಾರ್ಟರ್ಡ್ ಬ್ಯಾಂಕಿನ ಪ್ರಕರಣದಿಂದ ಈಚೆಗೆ ನೆಲೆಗೊಂಡ ತತ್ತ್ವ. ಅದು ಕೈಗೂಡಿದ ಬಗೆಯನ್ನು ತಿಳಿಯಬೇಕಾದರೆ ಹಿಂದುಸ್ಥಾನ್ ಟಿನ್ ವರ್ಕ್ಸ್ ಪ್ರಕರಣವನ್ನು ನೋಡಬೇಕು. ನಷ್ಟ ಹೆಚ್ಚುತ್ತಿದೆ, ಆದುದರಿಂದ ಆಳುಗಳನ್ನು ಕಡಿಮೆ ಮಾಡುತ್ತೇವೆ ಎಂದು ಆ ಕಂಪನಿ 1974ರಲ್ಲಿ ನೋಟೀಸು ಕೊಟ್ಟಿತು. ಕೆಲಸಗಾರರು ಇದನ್ನು ಒಪ್ಪಲಿಲ್ಲ. ಕಾರ್ಮಿಕ ನ್ಯಾಯಾಲಯವು ಕಾಗದಪತ್ರಗಳನ್ನು ಮುಂದಿಟ್ಟುಕೊಂಡು ದಿನಾಂಕಗಳನ್ನು ಹಿಂದಕ್ಕೆ ಎಣಿಸುತ್ತ ಹೋಯಿತು. ಆ ವರ್ಷದ ಏಪ್ರಿಲ್ 5ರ ತಾರೀಖಿನ ಒಂದು ಒಪ್ಪಂದದ ಕರಡು ಸಿಕ್ಕಿತು. ಮಾಲಕರು ಮುಂದಿಟ್ಟ ಆ ಕರಡಿಗೆ ಕೆಲಸಗಾರರು ಸಹಿ ಹಾಕಲು ಒಪ್ಪಿರಲಿಲ್ಲ. ಅದರಿಂದ ಹುಟ್ಟಿದ ಸಿಟ್ಟೇ ಕಡಿತಕ್ಕೆ ನಿಜವಾದ ಕಾರಣ, ನಷ್ಟವಲ್ಲ, ಎಂದು ನ್ಯಾಯಾಲಯ ಬರೆಯಿತು. ಎಲ್ಲರನ್ನೂ ಪೂರ್ಣ ಪಗಾರದೊಡನೆ ಮರಳಿ ತೆಗೆದುಕೊಳ್ಳಬೇಕೆಂದಿತು. 1978ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಉಳಿದದ್ದು ಹಿಂದಿನ ಪಗಾರದ ಪ್ರಶ್ನೆಯೊಂದೇ. ಕಂಪನಿಯ ಕಷ್ಟವನ್ನೂ ಗಣಿಸಿ ಅದನ್ನು ನೂರಕ್ಕೆ 75ಕ್ಕೆ ಇಳಿಸಿದರು. ಕೆಲಸವಂತೂ ಮರಳಿ ಬಂದಿತು.

ಈ ಪ್ರಕರಣದಲ್ಲಿ ಗೆಲುವು ತಂದದ್ದು ದಿನಾಂಕ. ನೋಟೀಸು ಬರುವುದಕ್ಕಿಂತ ಆರು ತಿಂಗಳು ಮೊದಲು ಏನೇನು ನಡೆಯಿತು ಎಂಬುದನ್ನು ಕೆಲಸ ಹೋದ ವಾರದಲ್ಲಿಯೇ, ನೆನಪು ಹಸಿಯಾಗಿರುವಾಗ, ಒಂದು ವಹಿಯಲ್ಲಿ ಬರೆದಿಡಬೇಕು. ಯಾವ ದಿನ ಸಂಘದ ಸಭೆಯಾಯಿತು, ಯಾವ ದಿನ ಕಚೇರಿಗೆ ಕರೆಯಿಸಿದರು, ಯಾರು ಯಾವ ಮಾತನ್ನಾಡಿದರು, ಅಲ್ಲಿ ಮತ್ತೆ ಯಾರಿದ್ದರು. ಹೆರಿಗೆಯ ರಜೆ ಕೇಳಿದ ಹೆಣ್ಣುಮಗಳಿಗೆ ಮುಂದಿನ ತಿಂಗಳೇ ‘ಆಳು ಹೆಚ್ಚಾಗಿದೆ’ ಎಂಬ ಕಾಗದ ಬಂದರೆ ಆ ಎರಡು ತಾರೀಖುಗಳೇ ಅರ್ಧ ಕಥೆಯನ್ನು ಹೇಳುತ್ತವೆ.

ಉಳಿದ ಅರ್ಧ ಕಥೆ ಕೆಲಸಗಾರನು ಹೊರಬಿದ್ದ ಮೇಲೆ ಕಾರಖಾನೆಯೊಳಗೆ ನಡೆಯುತ್ತದೆ. ಅವನು ನಡೆಸುತ್ತಿದ್ದ ಮಗ್ಗಗಳು ನಿಂತಿವೆಯೋ, ನಡೆದಿವೆಯೋ? ನಡೆದಿದ್ದರೆ ಯಾರ ಕೈಯಲ್ಲಿ? ಗುತ್ತೇದಾರನ ಆಳೊಬ್ಬನು ಅದೇ ಮಗ್ಗದ ಮುಂದೆ ನಿಂತಿದ್ದರೆ, ಅಥವಾ ಉಳಿದವರಿಂದ ದಿನಾಲು ಎರಡು ತಾಸು ಹೆಚ್ಚಿಗೆ ದುಡಿಸುತ್ತಿದ್ದರೆ, ಕೆಲಸ ಕಡಿಮೆಯಾಗಿದೆ ಎಂಬ ಮಾತಿಗೆ ಅರ್ಥವಿಲ್ಲ. ಮುಂಬಯಿಯ ಜೆ. ಜೆ. ಆಸ್ಪತ್ರೆಯ ವಾರ್ಡುಗಳಲ್ಲಿ ಸೇವೆಗಿದ್ದ ಇಬ್ಬರು ಹೆಂಗಸರನ್ನು ತೆಗೆದಾಗ ಹೀಗೆಯೇ ಆಯಿತು. ಅವರ ಸ್ಥಳಗಳು ಖಾಲಿ ಉಳಿಯಲಿಲ್ಲ. ನಾಗರಿಕ ಸರಬರಾಜು ಇಲಾಖೆಯಲ್ಲಿ ಕೆಲಸ ಕಳೆದುಕೊಂಡವರನ್ನು ಅಲ್ಲಿಗೆ ತಂದು ಕೂಡ್ರಿಸಿದರು. ಎದುರಾಳಿ ಸಾಕ್ಷಾತ್ ಮುಂಬಯಿ ಸರಕಾರ. ಆದರೂ ಅವರ ಸಂಘ ಹಿಂದೆಗೆಯಲಿಲ್ಲ. 1960ರಲ್ಲಿ ಸರ್ವೋಚ್ಚ ನ್ಯಾಯಾಲಯವು, ತೆಗೆಯುವ ಹೊತ್ತಿಗೇ ಪರಿಹಾರ ಕೊಡದಿದ್ದರೆ ಆ ಕಡಿತ ಊರ್ಜಿತವಾಗದು ಎಂದು ಹೇಳಿತು. ಆಮೇಲೆ ಕೊಡುತ್ತೇವೆ, ದೀಪಾವಳಿಗೆ ಬಾ ಎನ್ನುವ ಮಾಲಕರಿಗೆ ಈ ತೀರ್ಪನ್ನು ತೋರಿಸಬಹುದು.

ಮತ್ತೊಂದು ಒರೆಗಲ್ಲು ಹಿರಿತನ. ಕೊನೆಗೆ ಬಂದವನು ಮೊದಲು ಹೋಗಬೇಕೆಂಬುದು ಸಾಮಾನ್ಯ ನಿಯಮ. ಒಂದೇ ಬಗೆಯ ಕೆಲಸದಲ್ಲಿರುವವರ ಪೈಕಿ ಹಳಬನನ್ನು ತೆಗೆದು ಹೊಸಬನನ್ನು ಉಳಿಸಿಕೊಳ್ಳಬೇಕಾದರೆ ಮಾಲಕನು ಕಾರಣಗಳನ್ನು ಬರೆದಿಡಬೇಕು. ಮದರಾಸಿನ ತಮಿಳು ದಿನಪತ್ರಿಕೆ ‘ಸ್ವದೇಶಮಿತ್ರನ್’ ಹೀಗೆ ಹಳಬರನ್ನು ತೆಗೆದು, ಅವರು ಕೆಲಸದಲ್ಲಿ ಹಿಂದೆ ಎಂದು ಆಮೇಲೆ ಹೇಳಿಕೊಂಡಿತು. ಅಂತಹ ಮಾತಿಗೆ ನಂಬತಕ್ಕ ಆಧಾರ ಬೇಕು, ಅದು ಮೊದಲಿನಿಂದ ಇಟ್ಟ ದಾಖಲೆಯಿಂದ ಬಂದರೆ ಲೇಸು ಎಂಬುದು 1960ರಲ್ಲಿ ಬಂದ ಉತ್ತರ. ಹದಿನೈದು ವರ್ಷ ದುಡಿದವನ ಸೋಮಾರಿತನ ಅವನು ಹೋದ ಮರುದಿನವೇ ಮಾಲಕನ ಗಮನಕ್ಕೆ ಬರುವುದು ವಿಚಿತ್ರವಲ್ಲವೆ? ಕಡಿತಕ್ಕಿಂತ ಏಳು ದಿನ ಮೊದಲು ಹಿರಿತನದ ಪಟ್ಟಿಯನ್ನು ಫಲಕದ ಮೇಲೆ ಅಂಟಿಸಬೇಕೆಂದು 1957ರ ಕೇಂದ್ರ ನಿಯಮಗಳಲ್ಲಿ ಬರೆದಿತ್ತು. ಅಂತಹ ಪಟ್ಟಿ ಕಂಡಾಗ ಅದರ ಛಾಯಾಚಿತ್ರವನ್ನು ತೆಗೆದಿಟ್ಟುಕೊಳ್ಳಿರಿ. ಇಂದು ಎಲ್ಲರ ಜೇಬಿನಲ್ಲಿಯೂ ಅದಕ್ಕೆ ಸಾಧನವಿದೆ.

ಇದೆಲ್ಲಕ್ಕೂ ಅಡಿಗಲ್ಲು ಒಂದಿದೆ. ಹಿಂದಿನ ಹನ್ನೆರಡು ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ದನ್ನು ಕೆಲಸಗಾರನು ತೋರಿಸಬೇಕು. ಬದಲಿಯವನೆಂದು, ಹಂಗಾಮಿಯೆಂದು ಹತ್ತು ವರ್ಷ ದುಡಿಸಿಕೊಂಡ ಕಡೆಗಳಲ್ಲಿ ತೊಡಕು ಬರುವುದು ಇಲ್ಲಿಯೇ. ಕರ್ನಾಟಕದಿಂದ ದಿಲ್ಲಿಗೆ ಹೋದ ಎರಡು ಪ್ರಕರಣಗಳು ಇದನ್ನು ಚೆನ್ನಾಗಿ ತಿಳಿಸುತ್ತವೆ. ಮೊದಲನೆಯದು ಅರಣ್ಯ ಇಲಾಖೆಯ ದಿನಗೂಲಿಯವನದು. ತಾನು 240 ದಿನ ದುಡಿದೆನೆಂದು ಅವನು ಪ್ರಮಾಣಪತ್ರ ಬರೆದುಕೊಟ್ಟಿದ್ದನು, ಬೇರೆ ಆಧಾರವಿರಲಿಲ್ಲ. ತನ್ನ ಮಾತೊಂದೇ ಸಾಲದೆಂದು 2002ರಲ್ಲಿ ಅವನು ಸೋತನು. ಎರಡನೆಯವನೂ ದಿನಗೂಲಿಯವನೇ. ಆದರೆ ಅವನು ಹಾಜರಿ ಪಟ್ಟಿಗಳನ್ನು ತರಿಸಿರೆಂದು ನ್ಯಾಯಾಲಯವನ್ನು ಕೇಳಿಕೊಂಡನು, ಹಿಂದೆ ಇದ್ದ ಇಂಜಿನಿಯರರು ಬರೆದುಕೊಟ್ಟ ಸೇವೆಯ ದಾಖಲೆಪತ್ರವನ್ನು ಜೋಪಾನವಾಗಿ ಇಟ್ಟುಕೊಂಡಿದ್ದನು. 2005ರಲ್ಲಿ ಅವನು ಗೆದ್ದನು. ಇಬ್ಬರ ದುಡಿಮೆಯಲ್ಲಿ ವ್ಯತ್ಯಾಸವಿತ್ತೋ ಇಲ್ಲವೋ, ಪೆಟ್ಟಿಗೆಯಲ್ಲಿದ್ದ ಒಂದು ಹಾಳೆಯ ವ್ಯತ್ಯಾಸವಂತೂ ಇತ್ತು. ಪಗಾರದ ಚೀಟಿ, ಪ್ರವೇಶದ ಬಿಲ್ಲೆ, ಇ.ಎಸ್.ಐ. ಕಾರ್ಡು, ಬ್ಯಾಂಕಿನ ಪುಸ್ತಕ, ಭವಿಷ್ಯನಿಧಿಯ ಖಾತೆಯಲ್ಲಿ ತಿಂಗಳು ತಿಂಗಳು ಬಿದ್ದ ಹಣದ ಪಟ್ಟಿ ಇವುಗಳನ್ನು ಮನೆಯ ಮಡದಿಯರು ಮದುವೆಯ ಸೀರೆಯ ಮಡಿಕೆಯಲ್ಲಿಟ್ಟರೂ ಚಿಂತೆಯಿಲ್ಲ, ಕಳೆಯಬಾರದು.

ಇಲ್ಲಿಯವರೆಗೆ ಹೇಳಿದ್ದು ಯಾವ ಊರಿನ ಕೆಲಸಗಾರನಿಗೂ ಸಲ್ಲುವ ಮಾತು. ಗಡಿಯ ಕನ್ನಡಿಗನಿಗೆ ಇನ್ನೊಂದು ಸಂಕಟವಿದೆ. ಅವನ ಕೈಗೆ ಬರುವ ಕಾಗದ ಇಂಗ್ಲಿಷಿನಲ್ಲಿರುತ್ತದೆ, ಇಲ್ಲವೆ ಕಚೇರಿಯ ಬಿಗಿಯಾದ ಮರಾಠಿಯಲ್ಲಿರುತ್ತದೆ. ಸಂತೆಯಲ್ಲಿ ಸಲೀಸಾಗಿ ಮರಾಠಿಯಾಡುವ ನಮ್ಮ ಜನ ಕಚೇರಿಯ ಮರಾಠಿಗೆ ತಡವರಿಸುತ್ತಾರೆ. ಒಂದು ಕಾರಖಾನೆಯಿಂದ ಹೊರಬಿದ್ದ ತರುಣನೊಬ್ಬನು ತನ್ನ ಕಡಿತದ ಹಣದ ರಸೀದಿಯೆಂದು ನಮಗೆ ಒಂದು ಹಾಳೆಯನ್ನು ತೋರಿಸಿದನು. ಓದಿ ನೋಡಿದರೆ ಅದು ರಾಜೀನಾಮೆ; ಮನೆಯ ಅಡಚಣೆಯಿಂದ ತಾನಾಗಿಯೇ ಕೆಲಸ ಬಿಡುತ್ತಿರುವುದಾಗಿ ಅದರಲ್ಲಿ ಬರೆದಿತ್ತು, ಕೆಳಗೆ ಅವನದೇ ಸಹಿ. ತಾನಾಗಿ ಬಿಟ್ಟವನಿಗೆ ಕಡಿತದ ಕಾನೂನು ಅನ್ವಯಿಸುವುದಿಲ್ಲ. ಈ ಉಪಾಯ ಹೊಸದಲ್ಲ, ಈ ಊರೊಂದರದೂ ಅಲ್ಲ.

ಆದುದರಿಂದ ಅಂದೇ, ಆ ಮೇಜಿನ ಮುಂದೆಯೇ ಸಹಿ ಹಾಕತಕ್ಕದ್ದೆಂದು ಯಾರು ಒತ್ತಾಯ ಮಾಡಿದರೂ ಮನೆಗೆ ಒಯ್ದು ಓದಿಸಿಕೊಂಡು ಬರುತ್ತೇನೆ ಎನ್ನಬೇಕು. ನೋಟೀಸು ಮುಟ್ಟಿದ್ದಕ್ಕೆ ಸಹಿ ಮಾಡಲೇಬೇಕಾದರೆ, ಅದರ ಪಕ್ಕದಲ್ಲಿ ‘ಕಾಗದ ಮುಟ್ಟಿತು, ಒಪ್ಪಿಗೆಯಿಲ್ಲ’ ಎಂದು ಕನ್ನಡದಲ್ಲಿಯೇ ಬರೆದು ತಾರೀಖು ಹಾಕಬಹುದು. ಹಣವನ್ನು ಬ್ಯಾಂಕಿಗೆ ಹಾಕಿದ್ದರೆ, ನನ್ನ ತಕರಾರನ್ನು ಉಳಿಸಿಕೊಂಡು ಇದನ್ನು ಸ್ವೀಕರಿಸಿದ್ದೇನೆ ಎಂದು ಅದೇ ವಾರ ಸ್ಪೀಡ್ ಪೋಸ್ಟಿನಿಂದ ಕಾಗದ ಬರೆಯಬೇಕು. ಹೊಟ್ಟೆಗಿಲ್ಲದವನು ಹಣ ಮುಟ್ಟಬಾರದೆಂದು ಹೇಳುವ ಧೈರ್ಯ ನಮಗಿಲ್ಲ. ಮುಟ್ಟುವಾಗ ಬಾಯಿ ಮುಚ್ಚಿಕೊಳ್ಳಬಾರದು ಎಂದಷ್ಟೇ ಹೇಳುತ್ತೇವೆ. ಸರಕಾರದ ಅಧಿಕಾರಿಗೆ ಬರೆಯುವ ಅರ್ಜಿಯ ಮಾತು ಬೇರೆ. ಸಂವಿಧಾನದ 350ನೆಯ ಅನುಚ್ಛೇದವು, ಯಾವ ವ್ಯಕ್ತಿಯೇ ಆಗಲಿ ತನ್ನ ಅಹವಾಲನ್ನು ಕೇಂದ್ರದ ಅಥವಾ ರಾಜ್ಯದ ಯಾವ ಅಧಿಕಾರಿಗೇ ಆಗಲಿ, ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಕೊಡಬಹುದೆಂದು ಹೇಳುತ್ತದೆ. ಸೊಲ್ಲಾಪುರದ ಸಹಾಯಕ ಕಾರ್ಮಿಕ ಆಯುಕ್ತರಿಗೆ ಕನ್ನಡದಲ್ಲಿ ಅರ್ಜಿ ಬರೆಯುವ ಹಕ್ಕು ಇದರಿಂದ ನಮಗಿದೆ. ಕೆಲಸ ಬೇಗ ಸಾಗಲೆಂದು ಮರಾಠಿಯ ಪ್ರತಿಯನ್ನೂ ಜೊತೆಗಿಡುವುದು ಜಾಣತನ. ನಮ್ಮ ಹೋರಾಟ ಮಾಲಕನೊಡನೆ, ಮರಾಠಿಯೊಡನೆ ಅಲ್ಲ. ಪಕ್ಕದ ಮಗ್ಗದಲ್ಲಿ ನಿಂತು ಅದೇ ನೋಟೀಸು ಪಡೆದ ಮರಾಠಿಯ ಅಣ್ಣನೂ ತೆಲುಗಿನ ತಮ್ಮನೂ ನಮ್ಮ ಸಾಕ್ಷಿದಾರರು.

ಕಾನೂನಿನ ಹೆಸರು ಈಗ ಬದಲಾಗಿದೆ. 1947ರ ಕಾನೂನಿನ ಸ್ಥಾನದಲ್ಲಿ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ನಾವು ಹೇಳಿದ ತಿರುಳು ಬಹುಮಟ್ಟಿಗೆ ಅದರಲ್ಲಿ ಉಳಿದಿದೆ. ಒಂದು ವರ್ಷ ಸತತ ಸೇವೆಯಾದವನಿಗೆ ಕಾರಣ ಬರೆದ ಒಂದು ತಿಂಗಳ ನೋಟೀಸು ಅಥವಾ ಅಷ್ಟು ದಿನದ ಪಗಾರ, ಪ್ರತಿ ವರ್ಷದ ಸೇವೆಗೆ 15 ದಿನದ ಸರಾಸರಿ ಪಗಾರ, ಆರು ತಿಂಗಳು ಮೀರಿದ ತುಂಡು ವರ್ಷವೂ ಲೆಕ್ಕಕ್ಕೆ. ದಿನಕ್ಕೆ 600 ರೂ. ಪಡೆಯುತ್ತಿದ್ದವನು 11 ವರ್ಷ 8 ತಿಂಗಳು ದುಡಿದಿದ್ದರೆ ಅದು 12 ವರ್ಷವೆಂದಾಗಿ, ವರ್ಷಕ್ಕೆ 9,000 ರೂ. ಪ್ರಕಾರ 1,08,000 ರೂ. ಆಗುತ್ತದೆ. ಗ್ರ್ಯಾಚುಯಿಟಿ ಇದರಿಂದ ಬೇರೆ; ಎರಡನ್ನೂ ಕೂಡಿಸಿ ಒಂದೇ ಅಂಕಿ ತೋರಿಸಿದರೆ ಬಿಡಿಸಿ ಬರೆಯಿರೆಂದು ಕೇಳಬೇಕು. ಸಂಹಿತೆ ಹೊಸದಾಗಿ ತಂದುದೊಂದಿದೆ. ಕಡಿತವಾದ ಪ್ರತಿಯೊಬ್ಬನಿಗಾಗಿ ಮಾಲಕನು 15 ದಿನದ ಪಗಾರವನ್ನು ಮರುಕೌಶಲ ನಿಧಿಗೆ ಕಟ್ಟಬೇಕು, ಅದು 45 ದಿನಗಳೊಳಗೆ ಕೆಲಸಗಾರನ ಖಾತೆಗೆ ಬರಬೇಕು. ಇದನ್ನು ಬಹಳ ಜನ ಇನ್ನೂ ಅರಿತಿಲ್ಲ.

ಕೊಟ್ಟದ್ದರ ಜೊತೆಗೆ ಕಿತ್ತುಕೊಂಡದ್ದೂ ಇದೆ. ಕಡಿತವಾದವನಿಗೆ ಮರಳಿ ಕೆಲಸದಲ್ಲಿ ಮೊದಲ ಮಣೆ ಹಾಕಬೇಕೆಂಬ ನಿಯಮಕ್ಕೆ ಹಿಂದೆ ಕಾಲದ ಮಿತಿಯಿರಲಿಲ್ಲ. ಈಗ ಒಂದು ವರ್ಷ. ತಕರಾರು ಎತ್ತಲು ಹಳೆಯ ಕಾನೂನಿನಲ್ಲಿ 3 ವರ್ಷವಿದ್ದದ್ದು ಈಗ 2 ವರ್ಷವಾಗಿದೆ. ಸರಕಾರದ ಪೂರ್ವಾನುಮತಿ ಬೇಕಾಗುವ ಕಾರಖಾನೆಯ ಮಿತಿ 1976ರಲ್ಲಿ 300 ಆಳು, 1984ರಿಂದ 100, ಸಂಹಿತೆಯಲ್ಲಿ ಮತ್ತೆ 300. ನಮ್ಮ ಮಗ್ಗದ ಕಾರಖಾನೆಗಳಿಗೆ ಎರಡೂ ಅಂಕಿ ದೂರವೇ. ಗೊತ್ತಾದ ಅವಧಿಗೆಂದು ನೇಮಕವಾದವನ ಅವಧಿ ಮುಗಿದರೆ ಅದು ಕಡಿತವೇ ಅಲ್ಲ ಎಂಬುದು ಮಾತ್ರ ಗಂಭೀರವಾದದ್ದು. ನೇಮಕದ ಕಾಗದಕ್ಕೆ ಸಹಿ ಹಾಕುವ ದಿನವೇ ಅದರಲ್ಲಿ ಅವಧಿ ಬರೆದಿದೆಯೇ ಎಂದು ನೋಡತಕ್ಕದ್ದು. ಮೇಲ್ವಿಚಾರಕನೆಂದು ಹೆಸರಿಟ್ಟು ತಿಂಗಳಿಗೆ 18,000 ರೂ. ಮೀರಿ ಕೊಟ್ಟರೆ ಆತ ಕೆಲಸಗಾರನ ವ್ಯಾಖ್ಯೆಯಿಂದ ಹೊರಗಾಗುತ್ತಾನೆ. ಆದರೆ ನ್ಯಾಯಾಲಯ ನೋಡುವುದು ಹೆಸರನ್ನಲ್ಲ, ಅವನು ಮಾಡುತ್ತಿದ್ದ ಕೆಲಸವನ್ನು.

ಹೋಗಬೇಕಾದ ದಾರಿ ಹೀಗಿದೆ: ಮೊದಲು ಮಾಲಕನಿಗೆ ತಕರಾರಿನ ಕಾಗದ, ಆಮೇಲೆ ಕಾರ್ಮಿಕ ಕಚೇರಿಯಲ್ಲಿ ರಾಜಿಯ ಅಧಿಕಾರಿಯ ಮುಂದೆ ಅರ್ಜಿ. ಅಲ್ಲಿ ಹೊಂದಿಕೆಯಾಗದಿದ್ದರೆ ಅವರ ವರದಿ ಬಂದ 90 ದಿನಗಳೊಳಗೆ ನ್ಯಾಯಮಂಡಳಿಗೆ ಹೋಗಬಹುದು. ಮಹಾರಾಷ್ಟ್ರದ 1971ರ ಕಾನೂನು ಅನುಚಿತ ಕಾರ್ಮಿಕ ಪದ್ಧತಿಯ ದೂರಿಗೆ 90 ದಿನಗಳ ಗಡುವನ್ನು ಇಟ್ಟಿತು. ಆದುದರಿಂದ ಯಾವ ಬಾಗಿಲನ್ನು ಬಡಿಯುವುದಾದರೂ ಕೆಲಸ ಹೋದ ದಿನದಿಂದ 90ನ್ನು ಎಣಿಸುವುದೇ ಕ್ಷೇಮ.

ಅಲ್ಲಿ ಏನು ಸಿಕ್ಕೀತು? ಸುಳ್ಳು ಆಸೆಯನ್ನು ಹುಟ್ಟಿಸಲು ನಮಗೆ ಇಷ್ಟವಿಲ್ಲ. ಮಾಲಕನು ನೋಟೀಸು ಕೊಡಲಿಲ್ಲ, ಹಣ ಕೊಡಲಿಲ್ಲ ಎಂಬಷ್ಟೇ ದೂರಾದರೆ, ದಿನಗೂಲಿಯವನಿಗೆ ಇಂದಿನ ನ್ಯಾಯಾಲಯಗಳು ಹೆಚ್ಚಾಗಿ ಒಂದು ಮೊತ್ತ ಕೊಡಿಸಿ ಕಳಿಸುತ್ತವೆ, ಕೆಲಸ ಕೊಡಿಸುವುದಿಲ್ಲ. ಭಾರತ ಸಂಚಾರ ನಿಗಮದ ಪ್ರಕರಣವೊಂದರಲ್ಲಿ 2013ರಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಬಿಡಿಸಿ ಹೇಳಿತು. ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ: ಕಿರಿಯರನ್ನು ಉಳಿಸಿಕೊಂಡು ಹಿರಿಯನನ್ನು ತೆಗೆದಿದ್ದರೆ, ಅಥವಾ ಹಗೆಯಿಂದ, ಅನುಚಿತ ಪದ್ಧತಿಯಿಂದ ತೆಗೆದಿದ್ದರೆ, ಮರಳಿ ಕೆಲಸಕ್ಕೆ ಸೇರಿಸುವುದೇ ನಿಯಮವಾಗಬೇಕು. ನಮ್ಮ ಇಂದಿನ ಮಾತಿನ ಕೇಂದ್ರವೇ ಇದು. ನೋಟೀಸಿನ ತಪ್ಪನ್ನು ತೋರಿಸಿದವನಿಗೆ ಹಣ ಸಿಗುತ್ತದೆ. ಕಾರಣದ ಸುಳ್ಳನ್ನು ತೋರಿಸಿದವನಿಗೆ ಕೆಲಸ ಸಿಗುವ ಸಂಭವವಿದೆ. ಹಕ್ಕಿನ ಸೋಗಿನಲ್ಲಿ, ದುರುದ್ದೇಶದಿಂದ, ಮೇಲ್ನೋಟಕ್ಕೇ ಸುಳ್ಳಾದ ಕಾರಣದಿಂದ ತೆಗೆಯುವುದನ್ನು ಸಂಹಿತೆಯ ಅನುಸೂಚಿಯೂ ಅನುಚಿತ ಪದ್ಧತಿಗಳಲ್ಲಿ ಎಣಿಸಿದೆ. ಹೀಗಿದ್ದೂ ಎಷ್ಟೋ ಅರ್ಜಿಗಳಲ್ಲಿ ನೋಟೀಸಿನ ಮಾತಷ್ಟೇ ಇರುತ್ತದೆ. ಸಂಘದ ಸಭೆಯ ಮಾತು, ಹೊಸ ಆಳಿನ ಮಾತು ಮೂರು ವರ್ಷದ ಮೇಲೆ ಸಾಕ್ಷಿಯ ಕಟ್ಟೆಯಲ್ಲಿ ಬಾಯಿಗೆ ಬರುತ್ತದೆ. ಅದು ಮೊದಲ ಅರ್ಜಿಯ ಮೊದಲ ಪುಟದಲ್ಲಿರಬೇಕು.

ಸಭೆಯಲ್ಲಿ ಕುಳಿತಿರುವ ನಮ್ಮ ಶಿಕ್ಷಕ ಬಂಧುಗಳಿಗೂ ಒಂದು ಮಾತು. ಶಿಕ್ಷಕನು ಈ ಕಾನೂನಿನ ಕೆಲಸಗಾರನಲ್ಲವೆಂದು 1988ರಲ್ಲಿ ಗೋವೆಯ ಪ್ರಕರಣದಲ್ಲಿ ತೀರ್ಮಾನವಾಗಿದೆ. ಖಾಸಗಿ ಶಾಲೆಯವರಿಗೆ ಮಹಾರಾಷ್ಟ್ರದ 1977ರ ಕಾನೂನು ಬೇರೆಯಾಗಿದೆ. ಕನ್ನಡ ಮಾಧ್ಯಮದ ತರಗತಿಗಳಲ್ಲಿ ಮಕ್ಕಳು ಇಳಿದಾಗ ‘ಹೆಚ್ಚುವರಿ ಶಿಕ್ಷಕ’ ಎಂಬ ಕಾಗದ ಬರುವ ಭಯ ನಿಮಗಿರುವುದು ನಮಗೆ ಗೊತ್ತು. ಅದು ನಿಜವಾದ ಇಳಿಕೆಯೂ ಆಗಿರಬಹುದು, ಆಡಳಿತ ಮಂಡಳಿಗೆ ಬೇಡವಾದ ಒಬ್ಬರನ್ನು ಸಾಗಹಾಕುವ ಉಪಾಯವೂ ಆಗಿರಬಹುದು. ಅಲ್ಲಿಯೂ ಹಿರಿತನದ ಕ್ರಮ ತಪ್ಪಬಾರದು, ಕಾಯಮಾದವರಿಗೆ ಮೂರು ತಿಂಗಳ ನೋಟೀಸು ಕೊಡಬೇಕು, ಶಿಕ್ಷಣಾಧಿಕಾರಿಯ ಮಂಜೂರಾತಿ ಬೇಕು. ಶಾಲಾ ನ್ಯಾಯಮಂಡಳಿಗೆ ಹೋಗಲು ಇರುವ ಅವಧಿ ಮಾತ್ರ ಬಹಳ ಕಿರಿದು, ಆಜ್ಞೆ ಕೈಸೇರಿದ ದಿನದಿಂದ 30 ದಿನ. ರಜೆಯಲ್ಲಿ ಬಂದ ಆಜ್ಞೆಯನ್ನು ಶಾಲೆ ತೆರೆದ ಮೇಲೆ ನೋಡಿಕೊಳ್ಳೋಣ ಎಂದರೆ ಅವಧಿ ಮೀರಿರುತ್ತದೆ.

ಕಾಗದ ಬಂದವರು ಯಾರಾದರೂ ಇದ್ದರೆ ಸಭೆ ಮುಗಿದ ಮೇಲೆ ನಮ್ಮನ್ನು ಕಾಣಬಹುದು. ನಾವು ವಕೀಲರಲ್ಲ, ಓದಿ ಹೇಳುತ್ತೇವೆ. ವಕೀಲರ ಕಡೆಗೆ ಜೊತೆಯಲ್ಲಿ ಬರುತ್ತೇವೆ. ಬರುವಾಗ ಕಾಗದದೊಡನೆ ಅದು ಬಂದ ಲಕೋಟೆಯನ್ನೂ ತನ್ನಿರಿ. ಒಳಗಿನ ಕಾಗದದ ಮೇಲೆ ಮಾಲಕನು ಯಾವ ತಾರೀಖನ್ನಾದರೂ ಬರೆದಿರಬಹುದು, ಹೊರಗೆ ಅಂಚೆಯ ಮುದ್ರೆ ಬಿದ್ದ ತಾರೀಖು ಬೇರೆಯಿರುತ್ತದೆ.